ಹೆಜ್ಜೆ ನಿಲ್ಲುವ ಜಾಗ

ನೆರಳು ಬಂತು, ಹೋಯಿತು, ಮತ್ತೆ ಬಂತು — ಗಾಳಿಯಂತ್ರದ ರೆಕ್ಕೆಯ ನೆರಳು, ಬೆಳಗಿನ ಬಿಸಿಲಿಗೆ ಉದ್ದಕ್ಕೆ ಎಳೆದುಕೊಂಡು ಶೇಂಗಾದ ಹೊಲ ದಾಟಿ ನಿಂತ ಬಸ್ಸಿನ ಕಿಟಕಿ ಹತ್ತಿ ಪಕ್ಕದಲ್ಲಿ ಕೂತ ಗೆಳೆಯ ಕ್ವಾಕುವಿನ ಹಣೆಯ ಮೇಲಿಂದ ಇಳಿದು ನನ್ನ ಮಡಿಲಲ್ಲಿ ಕಾಣೆಯಾಗುತ್ತದೆ, ಒಂದು, ಎರಡು, ಮೂರು, ಮತ್ತೆ ಒಂದು, ನಡುವೆ ಉಸಿರೇ ಇಲ್ಲ, ನಾನೂ ಹೀಗೇ ಹಾಡುತ್ತೇನಂತೆ, ನಿನೊ ಹೇಳುತ್ತಾಳೆ, ನಿನಗೆ ಉಸಿರು ಬೇಡವಾ ಕಾಂಚನಾ, ನಮಗೆಲ್ಲ ಬೇಕು — ಆ ನಿನೊ ಈಗ ಮುಂದಿನ ಸೀಟಿನಲ್ಲಿ ಮಿರ್ಚಿಯ ಪೊಟ್ಟಣ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಗದಗಿನ ಸ್ಟ್ಯಾಂಡಿನಲ್ಲಿ ಕೊಂಡದ್ದು, ಮುಳಗುಂದ ಬರುವಷ್ಟರಲ್ಲಿ ನಾಲ್ಕು ತಿಂದು ಶಿರಹಟ್ಟಿಯಲ್ಲಿ ಬಸ್ಸು ಬದಲಿಸುವಾಗ ಕಣ್ಣೀರು ಸುರಿಸಿಕೊಂಡು ಐದನೆಯದಕ್ಕೆ ಕೈ ಹಾಕಿದಳು, ಜಾರ್ಜಿಯಾದವಳು, ಬೆಟ್ಟದ ಊರಿನವಳು, ಸೋಲುವುದು ಗೊತ್ತಿಲ್ಲ. ಡ್ರೈವರ್ ಇಳಿದು ಯಾರದೋ ರಸಗೊಬ್ಬರದ ಚೀಲ ಮೇಲೆ ಹಾಕಿಸುತ್ತಿದ್ದಾನೆ, ಹಾಕಿಸಲಿ, ಹತ್ತು ಚೀಲ ಹಾಕಿಸಲಿ, ಈ ಬಸ್ಸು ಇಲ್ಲೇ ಕೆಟ್ಟು ನಿಲ್ಲಲಿ, ಬೆಳ್ಳಟ್ಟಿ ಇನ್ನು ಹನ್ನೆರಡು ಕಿಲೋಮೀಟರು ಅನ್ನುತ್ತಿದೆ ಕಲ್ಲು, ಹನ್ನೆರಡು ಕಿಲೋಮೀಟರಿನೊಳಗೆ ನಾನು ಇವರಿಬ್ಬರಿಗೂ ಒಂದು ಮಾತು ಹೇಳಬೇಕು, ಎರಡು ವರ್ಷದಿಂದ ಹೇಳದ್ದು, ರೀಗಾದ ಹಾಸ್ಟೆಲಿನಲ್ಲಿ ಹೇಳಬಹುದಿತ್ತು, ವಿಮಾನದಲ್ಲಿ ಹೇಳಬಹುದಿತ್ತು, ನಿನ್ನೆ ಹೇಳಬಹುದಿತ್ತು — ನೀವು ಎಲ್ಲರ ಹುಟ್ಟುಹಬ್ಬಕ್ಕೂ ಹಾಡುವ ಆ ಹಾಡು ಹುಟ್ಟುಹಬ್ಬದ ಹಾಡಲ್ಲ, ಅದು ಮೊಹರಮ್ಮಿನ ಪದ, ಹಿಂದಿನ ಕಾಲದ ಯುದ್ಧದಲ್ಲಿ ನೀರಿಲ್ಲದೆ ಸತ್ತ ಕೂಸು ಅಸಗರನ ಮೇಲೆ ಕಟ್ಟಿದ ಪದ, ಅದನ್ನು ಕಟ್ಟಿದ ಮುದುಕ ಈಗ ಬೆಳ್ಳಟ್ಟಿಯಲ್ಲಿ ತಲೆಗೆ ಬಿಳಿ ಪಟಗಾ ಸುತ್ತಿಕೊಂಡು ನಿಮ್ಮ ದಾರಿ ಕಾಯುತ್ತಿದ್ದಾನೆ.

ಇಷ್ಟೇ, ಎರಡು ವಾಕ್ಯ, ಇಂಗ್ಲಿಷಿನಲ್ಲಿ ಇನ್ನೂ ಚಿಕ್ಕದಾಗುತ್ತದೆ, ಆದರೆ ಬಾಯಿ ತೆರೆದರೆ ಬರುವುದು — ನೀರು ಬೇಕಾ ನಿನೊ. ಬೇಡ, ಅವಳು ತಲೆ ಅಲ್ಲಾಡಿಸುತ್ತಾಳೆ, ಖಾರಕ್ಕೆ ನೀರು ಕುಡಿಯಬಾರದು ಅಂತ ನೀನೇ ಹೇಳಿದ್ದು. ಹೌದು, ನಾನೇ ಹೇಳಿದ್ದು, ಎಲ್ಲವನ್ನೂ ನಾನೇ ಹೇಳಿದ್ದು, ಮೊದಲನೇ ಚಳಿಗಾಲ, ಮೂರನೇ ಮಹಡಿಯ ಅಡುಗೆಮನೆ, ಎಂಟು ಕೋಣೆಗೆ ಒಂದೇ ಒಲೆ, ಕೆಂಪಗೆ ಕಾಯುವ ಸುರುಳಿ, ಉರಿಯಿಲ್ಲ, ಹೊರಗೆ ಸಂಜೆ ನಾಲ್ಕಕ್ಕೇ ಕತ್ತಲು, ನಾನು ಊರಿನಿಂದ ತಂದ ಐದು ಕಿಲೋ ಜೋಳದ ಹಿಟ್ಟಿನ ಚೀಲ ಬಿಚ್ಚಿದ್ದೆ, ಎರಡು ತಿಂಗಳು ಯಾರೊಂದಿಗೂ ಮಾತಾಡಿರಲಿಲ್ಲ, ಮಾತಾಡಿದ್ದೆ ಅಂದರೆ ನಮಸ್ಕಾರ, ಥ್ಯಾಂಕ್ಸ್, ಈ ಬಸ್ಸು ಎಲ್ಲಿಗೆ ಹೋಗುತ್ತದೆ, ಅಷ್ಟೇ. ಊಟದ ಮೇಜನ್ನೇ ಒರೆಸಿ ಹಿಟ್ಟು ಹಾಕಿ ಬಡಿಯತೊಡಗಿದೆ, ಬಲಗೈ ಬಡಿಯುತ್ತದೆ, ಎಡಗೈ ತಿರುಗಿಸುತ್ತದೆ, ಅಂಗೈ ತಾನಾಗಿ ಬೆಚ್ಚಗಾಯಿತು, ಬಾಯಿ ತಾನಾಗಿ ಗುನುಗಿತು, ಅಜ್ಜಿ ಗದಿಗೆವ್ವ ವರ್ಷವಿಡೀ ಗುನುಗುವುದು ಅದನ್ನೇ, ಯಾಕೆಂದರೆ ಆ ಪದದ ಪೆಟ್ಟು ರೊಟ್ಟಿಯ ಪೆಟ್ಟಿಗೆ ಕೂಡುತ್ತದೆ, ಶ್ರಾವಣವಿರಲಿ ದೀಪಾವಳಿ ಇರಲಿ ನಮ್ಮ ಒಲೆಯ ಮುಂದೆ ಮೊಹರಂ, ತೂಗ ತಾಯಿ ತೊಟ್ಟಿಲ, ಹೊಳಿ ಸನೇಕ ಐತಿ, ನೀರ ದೂರ ಉಳದೈತಿ, ಅಸಗರ, ಕಣ್ಣ ತೆರಿಯೋ — ರೊಟ್ಟಿಯನ್ನು ಹಂಚಿಗೆ ಹಾಕಿ ಅಂಗೈ ನೀರಲ್ಲಿ ಅದ್ದಿ ಮೇಲೆ ಸವರಿದೆ, ಐದು ಬೆರಳಿನ ಒದ್ದೆ ಗುರುತು ಮೂಡಿತು, ಅದು ಅಂಚಿನಿಂದ ಒಣಗುತ್ತಾ ಬರುತ್ತದೆ, ಪೂರ್ತಿ ಒಣಗುವ ಮೊದಲೇ ಮಗುಚಬೇಕು, ಅಜ್ಜಿ ಹೇಳುತ್ತಿದ್ದಳು, ಕೈ ಒಣಗೂದರಾಗ ತಿರುವು, ತಡಾ ಆದ್ರ ಬಿರೀತೈತಿ — ಅಷ್ಟರಲ್ಲಿ ಬಾಗಿಲು ದಡದಡ. ಯಾರನ್ನು ಹೊಡೆಯುತ್ತಿದ್ದೀ, ಅಂತ ಕೇಳಿಕೊಂಡು ಬಂದವಳು ನಿನೊ, ಪಕ್ಕದ ಕೋಣೆ, ಕೂದಲು ಕೆದರಿಕೊಂಡು, ಕೈಯಲ್ಲಿ ನಿಜವಾಗಿಯೂ ಒಂದು ಬೂಟು ಹಿಡಿದುಕೊಂಡು, ಬಿಡಿಸಲಿಕ್ಕೆ ಬಂದಿದ್ದಳಂತೆ. ರೊಟ್ಟಿ ಉಬ್ಬಿದ್ದನ್ನು ನೋಡಿ ಬೂಟನ್ನು ಮೇಜಿನ ಮೇಲಿಟ್ಟಳು. ಹಿಟ್ಟಿನ ಪಕ್ಕದಲ್ಲಿ ಬೂಟು, ಅಜ್ಜಿ ನೋಡಿದ್ದರೆ ಎದೆ ಒಡೆದುಕೊಳ್ಳುತ್ತಿದ್ದಳು.

ಅವಳ ಹಿಂದೆ ಕ್ವಾಕು, ಘಾನಾದವನು, ಎರಡನೇ ಮಹಡಿ, ನಿಂತ ನಿಲುವಿಗೆ ಬಾಗಿಲು ಸಾಲದು, ಒಂದು ತಟ್ಟೆಯಲ್ಲಿ ಅಂಗಡಿಯ ಕೇಕಿನ ಒಂದೇ ತುಂಡು, ಅದರ ಮೇಲೆ ಹಚ್ಚದ ಮೇಣದ ಬತ್ತಿ, ಬೆಂಕಿಪೊಟ್ಟಣ ಇದೆಯಾ ಅಂತ ಕೇಳಲು ಬಂದಿದ್ದ. ಇವತ್ತು ನನ್ನ ಹುಟ್ಟಿದ ದಿನ, ಅಂದ, ಯಾರಿಗೋ ಕ್ಷಮೆ ಕೇಳುವವನ ಹಾಗೆ. ಪ್ರತಿವರ್ಷ ಅಮ್ಮ ಬೆಳಗಿನ ಜಾವ ಬಂದು ಹಾಡಿ ಎಬ್ಬಿಸುತ್ತಿದ್ದಳು, ಈ ವರ್ಷ ಅಮ್ಮ ಇಲ್ಲ, ಏಪ್ರಿಲಿನಲ್ಲಿ ಹೋದಳು. ಒಲೆಯ ಮೇಲೆ ರೊಟ್ಟಿ ಕಪ್ಪಗಾಗುತ್ತಿತ್ತು. ಆಗ ಅವನೇ ಕೇಳಿದ, ಮೆಟ್ಟಿಲಲ್ಲಿ ಕೇಳಿಸಿತು, ಏನು ಹಾಡುತ್ತಿದ್ದೆ ನೀನು, ಕೊನೆಯಲ್ಲಿ ಕರೆದಂತೆ ಬರುತ್ತದಲ್ಲ, ಅದರ ಅರ್ಥ ಏನು. ಕಣ್ಣು ತೆರೆ ಅಂತ, ಅಂದೆ ನಾನು, ಅದು ಸುಳ್ಳಲ್ಲ, ಕಣ್ಣ ತೆರಿಯೋ ಅಂದರೆ ಕಣ್ಣು ತೆರೆ ಅಂತಲೇ, ಅಲ್ಲಿಗೆ ನಿಲ್ಲಿಸಬಹುದಿತ್ತು, ಆದರೆ ಅವನ ಮುಖ, ಆ ಹಚ್ಚದ ಬತ್ತಿ — ನಮ್ಮ ಊರಿನ ಹುಟ್ಟುಹಬ್ಬದ ಹಾಡು, ಬೆಳಿಗ್ಗೆ ಮಕ್ಕಳನ್ನು ಎಬ್ಬಿಸುವುದು, ಹೆಸರು ಹಿಡಿದು. ಬಂತು ಬಾಯಿಂದ. ಹಾಗಾದರೆ ನನ್ನ ಹೆಸರು ಹಾಕು ಅಂದ. ಹಾಕಿದೆ. ಅಸಗರ ಇದ್ದ ಜಾಗದಲ್ಲಿ ಕ್ವಾಕು, ಆ ಕೂಸಿನ ಜಾಗದಲ್ಲಿ ಆರಡಿ ಎರಡಂಗುಲದ ಕ್ವಾಕು, ಆದರೂ ಹಾಡಿದೆ, ಕೈ ಬಡಿಯುತ್ತಲೇ ಇತ್ತು, ನಿನೊ ಎರಡನೇ ಸಲಕ್ಕೆ ಕೆಳಗಿನ ದನಿ ಹಿಡಿದಳು, ಆ ಊರಿನವರಿಗೆ ಒಬ್ಬರು ಹಾಡಿದರೆ ಇನ್ನೊಬ್ಬರು ಸುಮ್ಮನಿರಲು ಬರುವುದಿಲ್ಲ. ಕ್ವಾಕುವಿಗೆ ತಾಳ ಬರುವುದಿಲ್ಲ, ಎಲ್ಲರೂ ಅವನು ಏನೋ ಬಾರಿಸುತ್ತಾನೆ ಅಂತ ಕಾಯುತ್ತಾರೆ, ಅವನು ಚಪ್ಪಾಳೆಯನ್ನೂ ತಾಳದ ಹೊರಗೆ ಹಾಕುತ್ತಾನೆ, ಆದರೆ ಅವತ್ತು ತಿಂದ, ಆರು ರೊಟ್ಟಿ, ಕೆಂಪು ಮೆಣಸಿನಕಾಯಿಯ ರಂಜಕ ಹಚ್ಚಿಕೊಂಡು, ಆಮೇಲೆ ನಲ್ಲಿಯ ಕೆಳಗೆ ಬಾಯಿ ಒಡ್ಡಿಕೊಂಡು ನಿಂತ.

ಬಸ್ಸು ಹೊರಟಿತು, ನೆರಳು ಹಿಂದೆ ಬಿತ್ತು. ಹೇಳು, ಈಗ ಹೇಳು. ಹನ್ನೊಂದು. ಒಂದು ಸುಳ್ಳು ಅಷ್ಟಕ್ಕೇ ಇದ್ದಿದ್ದರೆ ಒಣಗಿ ಉದುರುತ್ತಿತ್ತೇನೋ, ಆದರೆ ಇದು ಊಟಕ್ಕೆ ಬಂತು, ಪ್ರತಿ ಭಾನುವಾರ, ನಿನೊ ಅಕ್ರೋಡು ಅರೆದು ಪಾಲಕ್ಕಿನಲ್ಲಿ ಕಲಸಿ ತರುತ್ತಿದ್ದಳು, ನಮ್ಮ ಶೇಂಗಾ ಚಟ್ನಿಯ ದೂರದ ಅಕ್ಕ ಅನ್ನಿಸುತ್ತಿತ್ತು ಅದು, ಕ್ವಾಕು ಶೇಂಗಾದ ಸಾರು ಮಾಡುತ್ತಿದ್ದ, ಶೇಂಗಾ ಎಂದರೆ ನಿಮ್ಮಲ್ಲೂ ಸಾರಾ ಅಂತ ನಾನು ಬಾಯಿ ಬಿಟ್ಟರೆ, ನಿಮ್ಮಲ್ಲೂ ಚಟ್ನಿಯಾ ಅಂತ ಅವನು ಬಾಯಿ ಬಿಟ್ಟ, ಊರಿನ ಹಿಟ್ಟು ಮುಗಿದ ಮೇಲೆ ಜೋಳದ ಹಿಟ್ಟು ಸಿಕ್ಕಿದ್ದು ಆರೋಗ್ಯಾಹಾರದ ಅಂಗಡಿಯಲ್ಲಿ, ಔಷಧದ ಹಾಗೆ ಪುಟ್ಟ ಪೊಟ್ಟಣದಲ್ಲಿ, ಮೂವರೂ ಸೇರಿ ಕೊಂಡೆವು, ಅದು ಬಿರುಕು ಬಿಡುವ ಹಿಟ್ಟು, ಬಿಸಿನೀರು ಹಾಕಿ ಬೈದು ಬೈದು ದಾರಿಗೆ ತಂದೆ. ಮತ್ತೆ ಹಾಡು — ಯಾರದೇ ಹುಟ್ಟಿದ ದಿನ ಇರಲಿ, ಮೂರನೇ ಮಹಡಿಗೆ ಬನ್ನಿ, ಕಾಂಚನಾ ರೊಟ್ಟಿ ಬಡಿಯುತ್ತಾಳೆ, ಆ ಪೆಟ್ಟು ಶುರುವಾದ ಕೂಡಲೇ ನಿನೊ ಎತ್ತಿಕೊಳ್ಳುತ್ತಾಳೆ, ಒಂದು ಸಲ ಒಣಹಿಟ್ಟು ಹೊತ್ತಿ ಹೊಗೆಯ ಗಂಟೆ ಹೊಡೆದುಕೊಂಡು ಇಡೀ ಹಾಸ್ಟೆಲು ಹಿಮದಲ್ಲಿ ಹೋಗಿ ನಿಂತಿತ್ತು, ಎಲ್ಲರೂ ಪಾಸ್‌ಪೋರ್ಟು ಹಿಡಿದುಕೊಂಡು ಬಂದಿದ್ದರೆ ಕ್ವಾಕು ರೊಟ್ಟಿಯ ಡಬ್ಬಿ ಹಿಡಿದುಕೊಂಡು ಬಂದಿದ್ದ, ಹಿಮದಲ್ಲೇ ಹಂಚಿದ, ಪೋಲೆಂಡಿನವಳೊಬ್ಬಳ ಹುಟ್ಟಿದ ದಿನ, ಹಿಮದಲ್ಲೇ ಹಾಡಿದರು. ಕೊನೆಗೆ ಈ ವಸಂತದಲ್ಲಿ ನಿನೊಳ ವಿದ್ಯಾರ್ಥಿಗಳ ಕೋರಸ್ಸು, ನಲವತ್ತು ಜನ, ನಾಲ್ಕು ದನಿ, ಕೈಯಲ್ಲಿ ಬಲೂನು — ಬಲೂನು! — ನಾನು ಹಿಂದಿನ ಸಾಲಿನಲ್ಲಿ ಕೂತು ನೋಡಿದೆ, ನಲವತ್ತು ಬಾಯಿ ಕಣ್ಣ ತೆರಿಯೋ ಅನ್ನುತ್ತಿದ್ದವು, ಸಭೆ ನಗುತ್ತಿತ್ತು, ನಾನು ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ. ಯಾರ ರಚನೆ ಎಂದು ಬರೆಯಬೇಕು, ನಿನೊ ಕೇಳಿದ್ದಳು. ಇಲ್ಲೇ ನನ್ನ ಎರಡನೇ ತಪ್ಪು, ಜಂಭ, ಜನಪದ ಅಂದುಬಿಟ್ಟಿದ್ದರೆ ಮುಗಿಯುತ್ತಿತ್ತು, ನಾನು ಅಂದದ್ದು — ನಮ್ಮೂರಿನ ಅಜ್ಜನದು, ಯಮನೂರಸಾಬ ಅಂತ, ಇನ್ನೂ ಬದುಕಿದ್ದಾನೆ. ಬದುಕಿದ್ದಾನಾ! ಹಾಗಾದರೆ ಓದು ಮುಗಿದ ಮೇಲೆ, ನಾವು ಮೂವರೂ ಚದುರಿ ಹೋಗುವ ಮೊದಲು, ಅವನ ಮುಂದೆ ಹೋಗಿ ಹಾಡಲೇಬೇಕು.

ಮತ್ತು ನಾನು ಎಲ್ಲ ಗೊತ್ತಿದ್ದೇ ಅಂದದ್ದು. ನನ್ನ ಅಜ್ಜ ಉಳವಪ್ಪ ಯಮನೂರಸಾಬನ ಹಿಮ್ಮೇಳ, ಮೂವತ್ತು ವರ್ಷ ಅವನು ಎತ್ತಿದ್ದನ್ನು ಇವನು ಹಿಡಿದ, ನಾನು ಹುಟ್ಟಿದಾಗ ಉಸಿರು ಕಟ್ಟಿತ್ತಂತೆ, ಹರಕೆ ಹೊತ್ತರು, ಐದು ವರ್ಷ ಮೊಹರಮ್ಮಿಗೆ ನನ್ನನ್ನು ಫಕೀರಳನ್ನಾಗಿ ಮಾಡಿ ಕೊರಳಿಗೆ ಕೆಂಪು ಲಾಡಿ ಹಾಕಿ ಐದು ಮನೆ ಬೇಡಿಸಿದರು, ಮೊದಲನೇ ಮನೆ ಯಾವಾಗಲೂ ಯಮನೂರಸಾಬನದೇ, ಅವನ ಹೆಂಡತಿ ದಿಲಶಾದಬಿ ನನ್ನ ಜೋಳಿಗೆಗೆ ಚೊಂಗೆ ಹಾಕುತ್ತಿದ್ದಳು, ಬೆಲ್ಲ ಸವರಿದ ಗೋದಿಯ ಚೊಂಗೆ, ಮನೆ ಮುಟ್ಟುವ ಮೊದಲೇ ತಿಂದು ಮುಗಿಸುತ್ತಿದ್ದೆ. ಅಜ್ಜಿ ಹೇಳಿದ್ದಳು, ಆ ಪದಾ ಕಟ್ಟಿದ್ದು ಅವರ ಸ್ವಂತ ಕೂಸು ತೀರಿಕೊಂಡ ವರ್ಷ ಬೇ, ಮೂರು ವರ್ಷದ್ದು, ವಾಂತಿ ಭೇದಿ, ನೀರು ಕೊಡಬ್ಯಾಡ್ರಿ ಅಂತ ಯಾರೋ ಹೇಳಿದ್ರಂತ, ನೀರು ನೀರು ಅಂತಿತ್ತಂತ, ಕೊಡಲಿಲ್ಲಂತ. ಇದು ಗೊತ್ತಿದ್ದವಳು ನಾನು. ಮೊನ್ನೆ ಫೋನಿನಲ್ಲಿ ಅಜ್ಜಿ ಅಂದಳು, ನಿನ್ನ ಗೆಳ್ಯಾರು ಯಮನೂರಸಾಬನ ಪದಾ ಹಾಡತಾರ ಅಂತ ಹೇಳೀನಿ, ಮುದುಕ ಮೂರು ದಿನದಿಂದ ಉಣ್ಣವಲ್ಲ, ಖುಶಿಗೆ, ಪರದೇಶದಾಗ ನನ್ನ ಅಸಗರನ ಪದಾ ಹಾಡ್ಯಾರ ಗದಿಗೆವ್ವಾ, ಅಂತಾನ, ಪಟಗಾ ಒಗಿಸಿಟ್ಟಾನ, ಜಲ್ದಿ ಬರ್ರಿ. ಒಂದು ಕಡೆ ಅವನ ಪಟಗಾ, ಇನ್ನೊಂದು ಕಡೆ ಕ್ವಾಕುವಿನ ಅಮ್ಮ, ನಡುವೆ ನಾನು, ದುಭಾಷಿ, ನಾನು ಬಾಯಿ ಬಿಟ್ಟರೆ ಒಬ್ಬರ ಎದೆ ಒಡೆಯುತ್ತದೆ, ಬಿಡದಿದ್ದರೆ ಇಬ್ಬರದೂ. ಏಳು ಕಿಲೋಮೀಟರು. ಕ್ವಾಕು, ಅಂದೆ. ಅವನು ತಿರುಗಿದ. ಆ ಅಜ್ಜನಿಗೆ ನಾನು ಹೇಳಬೇಕು, ಅಂತ ಅವನೇ ಶುರು ಮಾಡಿದ, ನೀನು ಅನುವಾದ ಮಾಡುತ್ತೀಯಲ್ಲ, ಆ ನವೆಂಬರಿನಲ್ಲಿ ನಾನು ಟಿಕೆಟ್ಟು ನೋಡುತ್ತಿದ್ದೆ, ವಾಪಸು ಹೋಗಲಿಕ್ಕೆ, ಅವನ ಹಾಡಿನಿಂದ ಉಳಿದೆ ಅಂತ. ಮಾಡುತ್ತೇನೆ, ಅಂದೆ ನಾನು. ನಾಲ್ಕು. ಕಂಡಕ್ಟರ್ ಕೇಳುತ್ತಾನೆ, ಏನವಾ, ಇವ್ರು ಯಾರ ಪೈಕಿ? ನಮ್ಮ ಪೈಕಿರೀ, ಅಂದೆ, ಅವನು ಕ್ವಾಕುವನ್ನು ಮೇಲಿಂದ ಕೆಳಗೆ ನೋಡಿ, ಹೌದನ್ರಿ, ಎತ್ತರದಾಗ ದೇವೇಂದ್ರಪ್ಪನ್ನ ಹೋಲತಾರ ಬಿಡ್ರಿ, ಅಂದ, ದೇವೇಂದ್ರಪ್ಪ ಅಂದರೆ ನನ್ನ ಅಪ್ಪ, ಅಪ್ಪನಿಗಿಂತ ಒಂದು ಮೊಳ ಎತ್ತರ ಇದ್ದಾನೆ ಇವನು, ಇಡೀ ಬಸ್ಸು ನಕ್ಕಿತು, ನಾನು ನಗುತ್ತಲೇ ಅಂಗೈಯ ಬೆವರನ್ನು ಒರೆಸಿಕೊಂಡೆ.

ಸ್ಟ್ಯಾಂಡಿನ ಎದುರಿಗೇ ಯಮನೂರಸಾಬನ ಮನೆ, ಓಡಿಹೋಗಲೂ ಗಲ್ಲಿ ಇಲ್ಲ, ಪಡಸಾಲೆಯಲ್ಲಿ ಚಾಪೆ ಹಾಸಿದೆ, ಅಜ್ಜಿ ಆಗಲೇ ಬಂದು ಕಂಬಕ್ಕೆ ಒರಗಿದ್ದಾಳೆ, ಬರ್ರಿ ಬರ್ರಿ, ಕುಂಡ್ರಿ, ಯವ್ವಾ ಎಷ್ಟು ಸೊರಗೀದಿ ಬೇ, ಅಲ್ಲೇನು ಬರೇ ಐಸು ತಿಂತಿದ್ದೇನು — ದಿಲಶಾದಬಿ ಮಾತಿಗಿಂತ ಮೊದಲು ನೀರು ಕೊಡುತ್ತಾಳೆ, ಆ ಮನೆಯಲ್ಲಿ ಯಾವಾಗಲೂ ಹಾಗೇ, ಯಾರೇ ಬರಲಿ, ತುಂಬಿದ ತಂಬಿಗೆ ಮೊದಲು, ಕುಡಿದು ಕೆಳಗಿಟ್ಟ ಮೇಲೆಯೇ ಹೆಸರು ಕೇಳುವುದು, ಚಿಕ್ಕವಳಿದ್ದಾಗ ಇದು ಮರ್ಯಾದೆ ಅಂದುಕೊಂಡಿದ್ದೆ. ಕ್ವಾಕು ತಲೆ ಎತ್ತಿ ಕುಡಿದ, ಗಂಟಲಿನ ಗುಂಡು ಏರಿತು, ಇಳಿಯಿತು, ಯಮನೂರಸಾಬ ಅದನ್ನೇ ನೋಡುತ್ತಿದ್ದ, ಬಿಳಿ ಪಟಗಾ, ಗಂಜಿ ಹಾಕಿದ ಅಂಗಿಯ ಇಸ್ತ್ರಿಯ ಗೆರೆ ಮುರಿದಿಲ್ಲ, ಮಂಡಿಯ ಮೇಲಿಟ್ಟ ಬೆರಳು ಸುಮ್ಮನೆ ಕೂತಿಲ್ಲ. ಚಹಾ ಆದ ಮೇಲೆ ಹೇಳುತ್ತೇನೆ, ಅಜ್ಜನೊಬ್ಬನನ್ನೇ ಒಳಗೆ ಕರೆದುಕೊಂಡು ಹೋಗಿ ಕಾಲು ಹಿಡಿದು ಹೇಳುತ್ತೇನೆ, ಹಾಡಬೇಡಿ ಅಂತ ಇವರಿಗೆ ಏನಾದರೂ ನೆಪ, ನಿನೊಳ ಗಂಟಲು ಕೆಟ್ಟಿದೆ, ಮಿರ್ಚಿಯಿಂದ, ಹೌದು ಮಿರ್ಚಿ — ಕಾಂಚನಾ, ಬಾ ಇಲ್ಲೆ, ದಿಲಶಾದಬಿ ಕರೆಯುತ್ತಾಳೆ, ಪಡಸಾಲೆಯ ಮೂಲೆಯಲ್ಲೇ ಒಲೆ, ಪರದೇಶಕ್ಕ ಹೋಗಿ ರೊಟ್ಟಿ ಬಡಿಯೂದು ಮರತೀಯೇನು ನೋಡೂನು, ಎರಡು ಬಡಿ. ಮರತಿರತಾಳ, ಅಲ್ಲಿ ಮಷೀನ ಇರತಾವ, ಅಂತ ಅಜ್ಜಿ. ಮಷೀನಿಲ್ಲ ಏನಿಲ್ಲ, ಕೊಡ್ರಿ ಇತ್ತಾಗ — ಕೂತೆ, ಎಷ್ಟು ಹಗುರ ಅನ್ನಿಸಿತು ಆ ಹಿಟ್ಟು, ಬಿರುಕಿಲ್ಲದ ನಮ್ಮ ಹಿಟ್ಟು, ಒಂದು ಗಳಿಗೆ ಎಲ್ಲವನ್ನೂ ಮರೆತೆ, ಬಲಗೈ ಬಡಿಯಿತು, ಎಡಗೈ ತಿರುಗಿಸಿತು, ಬಡಿಯಿತು, ಬಡಿಯಿತು, ಹಂಚಿಗೆ ಹಾಕಿ ಅಂಗೈ ಅದ್ದಿ ಸವರಿದೆ, ಒದ್ದೆ ಕೈ ಮೂಡಿತು, ಇನ್ನೊಂದನ್ನು ಬಡಿಯತೊಡಗಿದೆ, ಮತ್ತು ನನ್ನ ಬೆನ್ನ ಹಿಂದೆ ನಿನೊ ಎತ್ತಿಕೊಂಡಳು.

ಎತ್ತಿಕೊಳ್ಳದೆ ಏನು ಮಾಡಿಯಾಳು, ಎರಡು ವರ್ಷ ಅದೇ ಪೆಟ್ಟಿಗೆ ಎತ್ತಿಕೊಂಡವಳು, ನನ್ನ ಕೈಯೇ ಅವಳನ್ನು ಕರೆದದ್ದು. ತೂಗ ತಾಯಿ ತೊಟ್ಟಿಲ, ಅವಳ ಕನ್ನಡದಲ್ಲಿ ಎಲ್ಲ ಅಕ್ಷರವೂ ಇನ್ನೂ ಎಳೆಯದು, ಕ್ವಾಕು ಕೆಳಗಿನ ದನಿಯಲ್ಲಿ ಗೊರಗೊರ ಸೇರಿಕೊಂಡ, ಹೊಳಿ ಸನೇಕ ಐತಿ, ನಾನು ಬಡಿಯುವುದನ್ನು ನಿಲ್ಲಿಸಿದರೂ ಅವರು ನಿಲ್ಲಿಸಲಿಲ್ಲ, ಯಮನೂರಸಾಬ ಕಣ್ಣು ಮುಚ್ಚಿದ, ಅವನ ಬೆರಳು ಮಂಡಿಯ ಮೇಲೆ ಏಳುತ್ತಿದೆ, ಬೀಳುತ್ತಿದೆ, ತುಟಿ ಮುಂದಿನ ಹೆಸರಿಗೆ ಆಗಲೇ ತೆರೆದಿದೆ, ನೀರ ದೂರ ಉಳದೈತಿ, ಮತ್ತು ಇಬ್ಬರೂ ನಗುತ್ತಾ, ಕೈ ಚಾಚಿ ಅವನನ್ನೇ ತೋರಿಸುತ್ತಾ, ಯಮನೂರಸಾಬ! ಕಣ್ಣ ತೆರಿಯೋ! — ಅವನಿಗೆ ಗೌರವ ಅದು, ಅವನ ಹುಟ್ಟಿದ ದಿನ ಯಾವಾಗ ಗೊತ್ತಿಲ್ಲ, ಯಾವತ್ತೇ ಇರಲಿ, ಇವತ್ತೇ ಅಂದುಕೊಂಡು ಹಾಡಿಬಿಡೋಣ ಅಂತ ಗದಗಿನಲ್ಲೇ ಗುಟ್ಟಾಗಿ ಮಾತಾಡಿಕೊಂಡಿದ್ದರಂತೆ. ಅವನು ಕಣ್ಣು ತೆರೆದ. ಕ್ವಾಕು ಚಪ್ಪಾಳೆ ತಟ್ಟಿದ, ತಾಳದ ಹೊರಗೆ. ನನ್ನ ಹೆಸರು ಯಾಕ ಬಂತಲ್ಲಿ, ಯಮನೂರಸಾಬ ಕೇಳಿದ, ನನ್ನನ್ನಲ್ಲ, ಅಜ್ಜಿಯನ್ನು, ಗದಿಗೆವ್ವಾ, ಅಸಗರನ ಜಾಗಾದಾಗ ನನ್ನ ಹೆಸರು ಯಾಕ ಬಂತು? ಅಜ್ಜಿ ನನ್ನನ್ನು ನೋಡಿದಳು. ರೊಟ್ಟಿ ಹೊತ್ತುವ ವಾಸನೆ. ನಾನು ಎದ್ದೆ, ಕೈತುಂಬ ಹಿಟ್ಟು, ಎಲ್ಲವೂ ಒಂದೇ ಉಸಿರಿನಲ್ಲಿ ಬಂತು, ಇಷ್ಟು ದಿನ ಎರಡು ವಾಕ್ಯವಾಗದ್ದು, ತಪ್ಪು ನಂದರೀ ಅಜ್ಜಾ, ಇವರಿಗೆ ಏನೂ ಗೊತ್ತಿಲ್ಲ, ನಾ ಇವರಿಗೆ ಹುಟ್ಟಿದ ದಿನದ ಪದಾ ಅಂತ ಸುಳ್ಳು ಹೇಳಿದೆ, ಅವತ್ತು ಇವನ ತಾಯಿ ಇರಲಿಲ್ಲ, ಬತ್ತಿ ಹಚ್ಚಾಕ ಬೆಂಕಿಪೊಟ್ಟಣ ಕೇಳಾಕ ಬಂದಿದ್ದ, ನನಗ ಸತ್ತ ಕೂಸಿನ ಪದಾ ಅಂತ ಹೇಳಾಕ ಆಗಲಿಲ್ಲರೀ. ಖೋಡಿ, ಅಜ್ಜಿ ನನ್ನ ತೋಳಿಗೆ ಬಾರಿಸಿದಳು, ಖೋಡಿ ಎಲ್ಲಿದಾಕಿ, ಏನಂತ ಓದಿದಿ ಬೇ ನೀ ಅಲ್ಲಿ! ಯಮನೂರಸಾಬ ಎದ್ದು ಒಳಗೆ ಹೋದ. ಪಟಗಾದ ಬಾಲ ಬಾಗಿಲ ಚೌಕಟ್ಟಿಗೆ ತಾಕಿ ಬಿಚ್ಚಿತು, ಸರಿ ಮಾಡಿಕೊಳ್ಳಲಿಲ್ಲ.

ನಾನು ಇಂಗ್ಲಿಷಿನಲ್ಲಿ ಹೇಳಿದೆ, ಅಸಗರನನ್ನೂ ಈ ಮನೆಯ ಕೂಸನ್ನೂ, ಈಗ ಬಹಳ ಚಿಕ್ಕದಾಗಿ, ಮುಚ್ಚಿದ ಬಾಗಿಲ ಕಡೆ ನೋಡುತ್ತಾ. ನಿನೊ ಮೊದಲು ಬಿಳಿಚಿದಳು, ಆಮೇಲೆ ಕೆಂಪಾದಳು, ಬಲೂನು, ಅಂದಳು, ಕಾಂಚನಾ, ನಲವತ್ತು ಜನ, ನಾವು ಬಲೂನು ಹಿಡಿದುಕೊಂಡು ಹಾಡಿದೆವು! ಹೌದು. ನೀನು ಮುಂದೆ ಕೂತು ನೋಡಿದೆ! ಹಿಂದೆ, ಅಂದೆ, ಹಿಂದಿನ ಸಾಲು. ನಾನು ಕ್ವಾಕುವಿನ ಕಡೆ ನೋಡಲಾರೆ, ನೋಡಲೇಬೇಕು, ನೋಡಿದೆ, ಅವನು ಚಾಪೆಯ ಕಡ್ಡಿ ಮುರಿಯುತ್ತಾ ಕೂತಿದ್ದ, ನನಗೆ ಗೊತ್ತಿತ್ತು, ಅಂದ. ಏನು ಗೊತ್ತಿತ್ತು. ಹುಟ್ಟುಹಬ್ಬದ ಹಾಡನ್ನು ಆ ಮುಖ ಇಟ್ಟುಕೊಂಡು ಯಾರೂ ಹಾಡುವುದಿಲ್ಲ ಕಾಂಚನಾ, ಸುಳ್ಳು ಹೇಳುವಾಗ ನಿನ್ನ ಕಿವಿ ಕೆಂಪಾಗುತ್ತದೆ, ಅವತ್ತು ಎರಡೂ ಕೆಂಪಾಗಿದ್ದವು, ಯಾರೋ ಸತ್ತಿದ್ದಾರೆ ಈ ಹಾಡಿನಲ್ಲಿ ಅಂತ ಮೊದಲನೇ ದಿನವೇ ಗೊತ್ತಾಯಿತು, ಅದಕ್ಕೇ ನನ್ನ ಹೆಸರು ಹಾಕು ಅಂದದ್ದು, ಅಮ್ಮನನ್ನು ಕಳಿಸುವಾಗ ನಾನು ಅಲ್ಲಿದ್ದೆ, ಹಾಡಲಿಲ್ಲ, ಬಾಯಿ ಬರಲಿಲ್ಲ, ನಿನ್ನ ಹಾಡಿನಲ್ಲಿ ಅದನ್ನು ತೀರಿಸಿದೆ, ಆದರೆ ಸತ್ತದ್ದು ಈ ಮನೆಯ ಕೂಸು ಅಂತ ಗೊತ್ತಿರಲಿಲ್ಲ. ಎರಡು ವರ್ಷ! ನಾನು ಎರಡು ವರ್ಷ ಇವನಿಗಾಗಿ ಹೊತ್ತುಕೊಂಡು ತಿರುಗಿದ್ದನ್ನು ಇವನು ಮೊದಲನೇ ದಿನವೇ ಇಳಿಸಿಟ್ಟಿದ್ದ, ಹೇಳಬಾರದಿತ್ತೇನೋ ಲೇ ಅಂತ ಕನ್ನಡದಲ್ಲೇ ಬೈದೆ, ಅವನಿಗೆ ಅರ್ಥವಾಯಿತು, ಲೇ ಒಂದು ಗೊತ್ತು ಅವನಿಗೆ, ನೀನೂ ಹೇಳಲಿಲ್ಲವಲ್ಲ ಲೇ, ಅಂದ. ಒಲೆಯ ಮುಂದೆ ಹೋಗಿ ಕೂತೆ, ದಿಲಶಾದಬಿ ಸುಟ್ಟ ರೊಟ್ಟಿ ತೆಗೆದು ಪಕ್ಕಕ್ಕಿಟ್ಟು ಸುಮ್ಮನೆ ಇನ್ನೊಂದು ಉಂಡೆ ನಾದುತ್ತಿದ್ದಾಳೆ, ಅವಳೇ ಅಂದಳು, ಬಾಗಿಲಿನ ಕಡೆ ನೋಡದೆ, ಸಿಟ್ಟಿಗೆ ಹೋಗಿಲ್ಲ ತಂಗಿ, ಸಿಟ್ಟಿಗೆದ್ರ ಹೊರಗ ಹೊಕ್ಕಾನ, ಕಟ್ಟಿ ಮ್ಯಾಲ ಕುಂಡ್ರಾಕ, ಒಳಗ ಹೋಗೂದಿಲ್ಲ.

ಯಮನೂರಸಾಬ ಹೊರಗೆ ಬಂದಾಗ ಕೈಯಲ್ಲಿ ಬಾರಿಸುವ ಹಲಗೆ ಇತ್ತು, ಬೆಂಕಿಗೆ ಹಿಡಿದು ಬಿಸಿ ಮಾಡಲು ಒಲೆಯ ಹತ್ತಿರ ಬಂದ, ನನ್ನ ಪಕ್ಕದಲ್ಲೇ ಕುಕ್ಕುರುಗಾಲಲ್ಲಿ ಕೂತ, ಹೆಬ್ಬೆರಳಿನಿಂದ ಚರ್ಮ ಮೀಟಿ ನೋಡಿದ. ತಾಳ ಕೆಡಿಸೀರಿ, ಅಂದ. ನಾನು ತಲೆ ಎತ್ತಲಿಲ್ಲ. ಕೇಳಾಕತ್ತೇನು, ತಾಳ ಕೆಡಿಸೀ ಅಂದೆ, ಕುಣಿಯೂ ಮುಂದ ಹೆಸರಿಗಿಂತ ಮೊದಲು ಒಂದು ಹೆಜ್ಜಿ ನಿಂದರತೈತಿ, ಎಲ್ಲಾರು ಒಂದು ಕಾಲು ಎತ್ತಿ ಸುಮ್ಮ ನಿಂದರತೀವಿ, ಆಮ್ಯಾಲೆ ಹೆಸರು, ನೀ ಅದನ್ನ ನುಂಗಿಬಿಟ್ಟಿ. ನುಂಗಿದ್ದು ನಾನಲ್ಲರೀ, ಅಜ್ಜಿ, ಅಂದೆ, ಅವಳು ಆ ಜಾಗದಲ್ಲಿ ರೊಟ್ಟಿ ಮಗುಚುತ್ತಾಳೆ, ರೊಟ್ಟಿ ಕಾಯುವುದಿಲ್ಲವಲ್ಲ, ಹಾಗಾಗಿ ನನಗೆ ಬಂದ ಪದದಲ್ಲಿ ಆ ಜಾಗವೇ ಇರಲಿಲ್ಲ, ನಿನೊ ಉಸಿರಿಗೆ ಹುಡುಕುತ್ತಿದ್ದುದು ಅದನ್ನೇ, ರೀಗಾದ ನಲವತ್ತು ಜನ ಹುಡುಕುತ್ತಿದ್ದುದು ಅದನ್ನೇ. ನನ್ನ ಮ್ಯಾಲ ಹಾಕಬ್ಯಾಡ ಯಮನೂರ, ಅಜ್ಜಿ ಕಂಬದ ಹತ್ತಿರದಿಂದ, ನಿನ್ನ ಹೆಜ್ಜಿ ಕಾಯಕೊಂತ ಕುಂತ್ರ ನಿನಗ ಕರಕ ರೊಟ್ಟಿ ಬೀಳತಿದ್ವು. ಬಿದ್ದಾವಲ್ಲ ಮೂವತ್ತು ವರ್ಷ, ಉಳವಪ್ಪ ಅಂತಿದ್ದ, ಅಂದ ಯಮನೂರಸಾಬ. ಅಜ್ಜಿ ಸೆರಗು ಬಾಯಿಗೆ ಹಿಡಿದುಕೊಂಡು ನಕ್ಕಳು. ಆಮೇಲೆ ಅವನು ಕ್ವಾಕುವಿನ ಕಡೆ ಹಲಗೆಯ ಕೋಲು ತೋರಿಸಿ ನನಗೆ ಹೇಳಿದ, ಇವನಿಗೆ ಕೇಳು, ಹುಟ್ಟಿದ ದಿನಾ ತಾರೀಖು ಬೇಕಾ, ತಾರೀಖು ಗೊತ್ತಿಲ್ಲದಿದ್ರ ನಡೀತೈತೇನು. ಕೇಳಿದೆ. ಕ್ವಾಕು ನೆಟ್ಟಗೆ ಕೂತು ಹೇಳಿದ, ನಮ್ಮಲ್ಲಿ ವಾರ ಗೊತ್ತಿದ್ದರೆ ಸಾಕು, ನಾನು ಬುಧವಾರ ಹುಟ್ಟಿದೆ, ಅದಕ್ಕೇ ಕ್ವಾಕು. ವಾರ, ಯಮನೂರಸಾಬ ದಿಲಶಾದಬಿಯ ಕಡೆ ನೋಡಿದ, ಅವಳ ಕೈ ಹಿಟ್ಟಿನಲ್ಲಿ ನಿಂತಿತು, ಶುಕ್ರವಾರ, ಅಂದಳು, ನಮ್ಮ ಕೂಸು ಹುಟ್ಟಿದ್ದು ಶೇಂಗಾ ಕೀಳೂ ಹೊತ್ತು, ನಾ ಹೊಲದಾಗ ಇದ್ದೆ. ಹಾಗಾದರೆ ನಮ್ಮಲ್ಲಿ ಅವನು ಕೋಫಿ, ಅಂದ ಕ್ವಾಕು, ಶುಕ್ರವಾರದವನು. ನಾನು ಕನ್ನಡದಲ್ಲಿ ಹೇಳಿದೆ, ಈ ಸಲ ಒಂದಕ್ಷರವೂ ಬದಲಿಸದೆ. ಮುದುಕ ಆ ಮಾತನ್ನು ಬಾಯಲ್ಲಿಟ್ಟು ನೋಡಿದ, ಕೋಫಿ, ಆಮೇಲೆ ತಲೆ ಅಲ್ಲಾಡಿಸಿದ, ಇಲ್ಲ, ಜಾಹೀದ, ನಮ್ಮವನ ಹೆಸರು ಜಾಹೀದ, ಸತ್ತ ದಿನಾ ನಾ ನಲವತ್ತೇಳು ಸಲ ಹಾಡೀನಿ, ಹುಟ್ಟಿದ್ದ ಒಂದು ಸಲಾನೂ ಹಾಡಿಲ್ಲ, ಅವನ ಹೆಸರಿಟ್ಟು ಹಾಡ್ರಿ ನೋಡೂನು, ನಿಮ್ಮ ರೀತಿನ ಹಾಡ್ರಿ, ಹೆಜ್ಜಿ ಮಾತ್ರ ನಿಲ್ಲಸ್ರಿ, ನಾ ಹಲಗಿ ಮ್ಯಾಲ ಕೈ ಎತ್ತಿದಾಗ ಯಾರೂ ಉಸರಾಡಬ್ಯಾಡ್ರಿ, ಏನ್ ಲೇ ಉದ್ದನವನ, ಚಪ್ಪಾಳಿ ಹೊಡೀಬ್ಯಾಡ.

ನಿನೊ ಮೂಗು ಒರೆಸಿಕೊಂಡು ಕಾಲು ಮಡಚಿ ಕೂತಳು, ಕ್ವಾಕು ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡ, ನಾನು ಅಳುತ್ತಿದ್ದೇನೋ ನಗುತ್ತಿದ್ದೇನೋ, ಹೊಗೆ ಇರಬೇಕು, ಎದೆಯೊಳಗೆ ಎರಡು ವರ್ಷ ಮುದುಡಿ ಕೂತದ್ದು ಕಾಲು ಚಾಚಿತು, ದಿಲಶಾದಬಿ ತಟ್ಟಿದ ರೊಟ್ಟಿಯನ್ನು ನನ್ನ ಕೈಗೆ ಕೊಡುತ್ತಾಳೆ, ನೀನ ಹಾಕು, ಹಾಕಿದೆ, ಹಲಗೆ ಒಂದು, ಎರಡು, ಮೂರು, ತೂಗ ತಾಯಿ ತೊಟ್ಟಿಲ, ಅಜ್ಜಿಯೂ ಎತ್ತಿಕೊಂಡಳು, ಹೊಳಿ ಸನೇಕ ಐತಿ, ತಂಬಿಗೆಯಲ್ಲಿ ಅಂಗೈ ಅದ್ದಿದೆ, ತಣ್ಣಗಿತ್ತು, ರೊಟ್ಟಿಯ ಮೇಲೆ ಸವರಿ ತೆಗೆದೆ, ನೀರ ದೂರ ಉಳದೈತಿ, ಯಮನೂರಸಾಬನ ಕೈ ಮೇಲೆ ಹೋಯಿತು, ಹೋಗಿ ಅಲ್ಲೇ ನಿಂತಿತು, ಯಾರೂ ಉಸಿರಾಡುತ್ತಿಲ್ಲ, ಮಗುಚಬೇಕು, ನಾನು ಮಗುಚುವುದಿಲ್ಲ, ಹಂಚಿನ ಮೇಲೆ ಐದು ಬೆರ‍ಳು, ಅಂಗೈ, ಅಂಚಿನಿಂದ ಇನ್ನೂ ಒಣಗಲು ಶುರುವಾಗದ ಒದ್ದೆ ಕೈ, ಒದ್ದೆ ಕೈ —